‘ಮುಂದಕ್ಕೆ ಇರಲಿ’ ಅಂತ ಯುಜಿಡಿಗೆ ದೊಡ್ಡ ಪೈಪ್ ಹಾಕಬಹುದಾ?

ಹನ್ನೆರಡು ಎಕರೆ, ಸುಮಾರು 200 ಸೈಟು. ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ ಲೈನಿಗೆ 200 ಎಂಎಂ ಪೈಪ್ ಸಾಕಾ, ಇಲ್ಲ ಮುಂದಕ್ಕೆ ಇರಲಿ ಅಂತ 300 ಎಂಎಂ ಹಾಕಿಬಿಡೋಣವಾ ಅಂತ ಕೇಳಿದ್ದೀರಿ. ಆ ‘ಮುಂದಕ್ಕೆ ಇರಲಿ’ ಅನ್ನೋ ಮಾತಿಗೆ ತಲೆಯಾಡಿಸಿ ನಾನು ಕೆಲಸ ಕಳೆದುಕೊಂಡವನು.

ಮೈಸೂರಿನ ಹೊರಗೆ 350 ಸೈಟಿನ ಲೇಔಟ್. ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ ನಾನು ಡಿಸೈನ್ ನೋಡಿಕೊಳ್ಳುತ್ತಿದ್ದೆ. ಮೇನ್ ಲೈನ್ 600 ಮೀಟರ್. ಮೊದಲು ಹಾಕಿದ ಲೆಕ್ಕ 200 ಎಂಎಂ ಪೈಪು, 250ಕ್ಕೆ 1 ವಾಟ (250 ಮೀಟರಿಗೆ 1 ಮೀಟರ್ ಇಳಿಜಾರು). ಅಂದರೆ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಪೈಪು 2.4 ಮೀಟರ್ ಇಳಿಯಬೇಕು. ಕೆಳಗಡೆ ಅಗೆದರೆ ಬರೀ ಬಂಡೆ. ಬ್ರೇಕರ್ ಬಾಡಿಗೆ ಕೇಳಿ ಓನರ್ ಮುಖ ಗಂಟಿಕ್ಕಿದರು. ಆಗ ಕಂಟ್ರಾಕ್ಟರ್ ಬಂದು, ‘ಸಾರ್, ಸುಮ್ನೆ 300 ಹಾಕಿ, ವಾಟ ಕಮ್ಮಿ ಮಾಡಿ. ದೊಡ್ಡ ಪೈಪು, ಮುಂದಕ್ಕೂ ಆಯ್ತು’ ಅಂದ. ಪೈಪಲ್ಲಿ ನೀರಿನ ವೇಗ ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರ ಹಾಕಿ ನೋಡಿದೆ. 300 ಎಂಎಂ, 500ಕ್ಕೆ 1. ವೇಗ ಸೆಕೆಂಡಿಗೆ 0.6 ಮೀಟರ್ ಬಂತು. ಒಳಚರಂಡಿ ಡಿಸೈನಿಗೆ ಎಲ್ಲರೂ ನೋಡುವ ಕೇಂದ್ರ ಸರ್ಕಾರದ ಸಿಪಿಎಚ್‌ಇಇಒ ಕೈಪಿಡಿ, ಕೊಳೆ ಪೈಪಲ್ಲಿ ಕೂರದೆ ಹೋಗೋಕೆ ಕೇಳೋದೂ ಕಮ್ಮಿಯೆಂದರೆ ಅಷ್ಟನ್ನೇ. ಇಳಿತ 1.2 ಮೀಟರಿಗೆ ಇಳಿಯಿತು, ಬಂಡೆ ತಪ್ಪಿತು. ಡ್ರಾಯಿಂಗಿಗೆ ಸಹಿ ಹಾಕಿದೆ.

ತಪ್ಪಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಉದ್ದವಾದರೂ ಓದಿ. ಆ 0.6 ಬರೋದು ಪೈಪು ತುಂಬಿ ಹರಿದರೆ ಮಾತ್ರ. ತುಂಬಿ ಹರಿದರೆ ಅದರಲ್ಲಿ ಸೆಕೆಂಡಿಗೆ 43 ಲೀಟರ್ ಹೋಗುತ್ತದೆ. ನಮ್ಮ 350 ಸೈಟಲ್ಲೂ ಮನೆ ಎದ್ದು, ಒಂದೊಂದರಲ್ಲಿ ಎರಡು ಸಂಸಾರ ಇದ್ದರೂ ಬೆಳಗಿನ ಹೊತ್ತಿನ ಹರಿವು ಹೆಚ್ಚೆಂದರೆ 13 ಲೀಟರ್. ಅದೂ ಎಲ್ಲ ಮನೆ ಎದ್ದ ಮೇಲಿನ ಮಾತು. ಸೈಟು ತಗೊಳ್ಳುವವರಲ್ಲಿ ಎಷ್ಟೋ ಜನ ಮಗಳ ಮದುವೆಗೆ ಆಗುತ್ತೆ ಅಂತ ತಗೊಂಡು, ನಾಲ್ಕು ಕಲ್ಲು ನೆಟ್ಟು ಹೋಗುತ್ತಾರೆ, ಅಲ್ವಾ? ಮೊದಲ ವರ್ಷಗಳಲ್ಲಿ ಅಲ್ಲಿ ಇದ್ದದ್ದು ಇಪ್ಪತ್ತು ಮನೆ. ಅವುಗಳ ಪೀಕ್ ಹರಿವು, ಅಂದರೆ ದಿನದಲ್ಲಿ ಅತಿ ಹೆಚ್ಚು ನೀರು ಬರುವ ಹೊತ್ತಿನದು, ಸೆಕೆಂಡಿಗೆ ಅರ್ಧ ಲೀಟರ್ ಕೂಡ ಇಲ್ಲ. 300ರ ಪೈಪಲ್ಲಿ ಅದು ಎರಡು ಸೆಂಟಿಮೀಟರ್ ಆಳಕ್ಕೆ ಹರಡಿಕೊಂಡು ತೆವಳುತ್ತದೆ. ವೇಗ 0.2 ಕೂಡ ಬರಲ್ಲ. ನೀರು ಮುಂದೆ ಹೋಗುತ್ತದೆ, ಅದರಲ್ಲಿ ಇದ್ದದ್ದು ಅಲ್ಲೇ ಕೂರುತ್ತದೆ.

ಕೈಪಿಡಿಯಲ್ಲಿ ಇದಕ್ಕೇ ಒಂದು ಟೇಬಲ್ ಇದೆ. ಅದರಲ್ಲಿ ವಾಟ ನೋಡಬೇಕಾದ್ದು ಇವತ್ತಿನ ಪೀಕ್ ಹರಿವಿನ ಮೇಲೆ. ಸೆಕೆಂಡಿಗೆ 2 ಲೀಟರ್ ಇದ್ದರೆ ಸಾವಿರಕ್ಕೆ 6, 3 ಲೀಟರ್ ಇದ್ದರೆ ಸಾವಿರಕ್ಕೆ 4. ನಾನು ಕೊಟ್ಟ ಸಾವಿರಕ್ಕೆ 2 ಅನ್ನೋದು 10 ಲೀಟರ್ ಹರಿಯೋ ಲೈನಿಗೆ. ಆ ಪುಟ ನೋಡಿರಲಿಲ್ಲ ಅಂತ ಹೇಳಲಾರೆ. ನೋಡಿದ್ದೆ. ಬಂಡೆ ತಪ್ಪಿದ ಖುಷಿಯಲ್ಲಿ ಮುಂದಕ್ಕೆ ತಿರುಗಿಸಿದ್ದೆ.

ಇನ್ನೂ ಒಂದಿದೆ. ಎರಡು ಮ್ಯಾನ್‌ಹೋಲ್ ನಡುವೆ 30 ಮೀಟರ್ ಇರುತ್ತದೆ. 500ಕ್ಕೆ 1 ಅಂದರೆ ಅಷ್ಟು ಉದ್ದಕ್ಕೆ ಬರೀ 6 ಸೆಂಟಿಮೀಟರ್ ಇಳಿತ. ಪೈಪ್ ಕೂರಿಸುವ ಮೇಸ್ತ್ರಿ ಎಷ್ಟೇ ನಿಗಾ ಇಟ್ಟರೂ ಒಂದೆರಡು ಸೆಂಟಿಮೀಟರ್ ಆಚೀಚೆ ಆಗೇ ಆಗುತ್ತದೆ. 6ರಲ್ಲಿ 2 ಹೋದರೆ ನಡುವೆ ಪೈಪು ಹೊಟ್ಟೆ ಬಿಡುತ್ತದೆ, ಅಲ್ಲಿ ನೀರು ನಿಲ್ಲುತ್ತದೆ.

ಕೆಳಗಿನ ತಿರುವಿನ ಮನೆಯವರು ಬಾತ್‌ರೂಮಲ್ಲಿ ನೀರು ವಾಪಸ್ ಬರುತ್ತಿದೆ ಅಂತ ಫೋನ್ ಮಾಡಿದರು. ಹೋಗಿ ಮುಚ್ಚಳ ತೆಗೆಸಿದೆ. ಪೈಪಿನ ಬಾಯಲ್ಲಿ ಮರಳು, ಅನ್ನದ ಅಗುಳು, ಕೂದಲು, ಸೋಪಿನ ಜಿಡ್ಡು ಎಲ್ಲ ಸೇರಿ ಕರೀ ಉಂಡೆಯಾಗಿ ಕೂತಿತ್ತು. ಗಳ ಹಾಕಿ ಚುಚ್ಚಿದರೆ ಗುಳ್ಳೆ ಎದ್ದು ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯಿತು. ಹೈಡ್ರೋಜನ್ ಸಲ್ಫೈಡ್ ಅದು. ಸಿಮೆಂಟನ್ನೂ ತಿನ್ನುತ್ತದೆ, ಒಳಗೆ ಇಳಿದವರನ್ನೂ ಕೊಲ್ಲುತ್ತದೆ. ಕಂಟ್ರಾಕ್ಟರ್ ಒಬ್ಬ ಹುಡುಗನನ್ನು ಕರೆತಂದಿದ್ದ, ಇಳಿಸೋಕೆ. ವಾಪಸ್ ಕಳಿಸಿದೆ. ಮಲ ಬಾಚುವ ಕೆಲಸಕ್ಕೆ ಜನರನ್ನು ಹಚ್ಚೋದನ್ನು ನಿಷೇಧಿಸಿದ 2013ರ ಕಾಯ್ದೆ ಬಂದ ಮೇಲೆ ಹಾಗೆ ಇಳಿಸೋದು ಅಪರಾಧ ಕೂಡ. ಜೋರಾಗಿ ನೀರು ಚಿಮ್ಮಿಸಿ ಪೈಪು ಬಿಡಿಸುವ ಜೆಟ್ಟಿಂಗ್ ಮಷಿನ್ ತರಿಸಿ ಬಿಡಿಸಿದ್ದಾಯಿತು, ಮತ್ತೆ ಕಟ್ಟಿಕೊಂಡಿತು, ಮತ್ತೆ ಬಿಡಿಸಿದ್ದಾಯಿತು. ಕೊನೆಗೆ ಹೊಸ ಟಾರ್ ರೋಡ್ ಅಗೆದು, ಅದೇ ಬಂಡೆ ಒಡೆದು, 200ರ ಪೈಪನ್ನು ಆಳಕ್ಕೆ ಹಾಕಿದರು. ಓನರ್ ನಮ್ಮ ಫೀಯ ಕೊನೆ ಕಂತು ಕೊಡಲಿಲ್ಲ. ಕನ್ಸಲ್ಟೆನ್ಸಿಯವರು ನನಗೆ ಬೇರೆ ಕಡೆ ನೋಡಿಕೋ ಅಂದರು.

ಈಗ ನಿಮ್ಮ 200 ಸೈಟು. ಒಂದರಲ್ಲಿ ಹತ್ತು ಜನ ಅಂತಲೇ ಹಿಡಿಯಿರಿ, 30-40 ಅಡಿ ಸೈಟಲ್ಲಿ ಬಾಡಿಗೆಗೆ ಮಹಡಿ ಕಟ್ಟದವರು ಯಾರು? ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇಕಡಾ 80 ಚರಂಡಿಗೆ, ಪೀಕಿಗೆ ಮೂರು ಪಟ್ಟು. ಸೆಕೆಂಡಿಗೆ ಏಳೂವರೆ ಲೀಟರ್ ಆಗುತ್ತದೆ. 200ರ ಪೈಪು 250ಕ್ಕೆ 1ರಲ್ಲಿ 20 ಲೀಟರ್ ಹೊರುತ್ತದೆ. 300ರ ಮಾತು ಬಿಟ್ಟುಬಿಡಿ.

ನಿಜ ಹೇಳಬೇಕೆಂದರೆ ಪೈಪ್ ಸೈಜಿಂದ ಶುರು ಮಾಡೋದೇ ಸರಿಯಲ್ಲ. ಕೆಳಗಿನ ತುದಿಯಿಂದ ಶುರು ಮಾಡಿ. ಊರಿನ ಯಾವ ಮ್ಯಾನ್‌ಹೋಲಿಗೆ ಸೇರಿಸಬೇಕೋ ಅದರ ಮುಚ್ಚಳ ತೆಗೆಸಿ, ಸ್ಟಾಫ್ (ಅಳತೆಯ ಕೋಲು) ಇಳಿಸಿ, ಸರ್ವೆಯವರ ಆಟೋ ಲೆವೆಲ್ ಉಪಕರಣದಲ್ಲಿ ತಳದ ಲೆವೆಲ್ ನೀವೇ ತೆಗೆಸಿ. ನಕ್ಷೆಯಲ್ಲಿ ಬರೆದದ್ದನ್ನು ನಂಬಬೇಡಿ. ಅಲ್ಲಿಂದ ಮೇಲಕ್ಕೆ ಲೆಕ್ಕ ಹಾಕುತ್ತಾ ಬನ್ನಿ. ಮೇಲಿನ ತುದಿಯ ಅಡ್ಡರಸ್ತೆಗಳಲ್ಲಿ ಮನೆ ಕಮ್ಮಿ, ನೀರೂ ಕಮ್ಮಿ. ಅಲ್ಲಿ ನೆಲ ಒಪ್ಪಿದರೆ 100ಕ್ಕೆ 1 ಕೊಡಿ. ಅಷ್ಟು ಕೊಟ್ಟರೂ ಮನೆಗಳು ತುಂಬುವವರೆಗೆ ತುದಿಯ ಮ್ಯಾನ್‌ಹೋಲಿಗೆ ಆಗಾಗ ಟ್ಯಾಂಕರ್ ನೀರು ಬಿಡಬೇಕಾಗುತ್ತದೆ. ಟ್ಯಾಂಕರ್, ಜೆಟ್ಟಿಂಗ್ ಮಷಿನ್ ಎರಡೂ ಅಲ್ಲಿವರೆಗೆ ಬರುವ ಹಾಗೆ ರಸ್ತೆ ಇರಲಿ.

ಟಾರ್ ಹಾಕುವ ಮೊದಲೇ ಪ್ರತಿ ಸೈಟಿಗೂ ಕನೆಕ್ಷನ್ ಎಳೆದು ಚೇಂಬರ್ ಕಟ್ಟಿಸಿ. ಇಲ್ಲದಿದ್ದರೆ ಒಬ್ಬೊಬ್ಬರೂ ರಸ್ತೆ ಅಗೆದು ಪೈಪಿಗೆ ತೂತು ಹೊಡೆಯುತ್ತಾರೆ. ತಾರಸಿಯ ಮಳೆನೀರನ್ನು ಯಾರೂ ಇದಕ್ಕೆ ಬಿಡಬಾರದು, ಇದನ್ನು ಸೈಟಿನ ಅಗ್ರಿಮೆಂಟಲ್ಲೇ ಬರೆಸಿ. ಮಳೆನೀರಿಗೆ ಬೇರೆ ಚರಂಡಿ.

ಊರಿನ ಮ್ಯಾನ್‌ಹೋಲ್ ನಿಮ್ಮ ಲೈನಿಗಿಂತ ಮೇಲಿದ್ದರೆ ವಾಟ ಕದಿಯೋಕೆ ಹೋಗಬೇಡಿ, ವೆಟ್ ವೆಲ್ (ಕೊಳಚೆ ನೀರು ಸೇರುವ ಬಾವಿ) ಕಟ್ಟಿ ಪಂಪ್ ಇಡಿ. ಒಂದಲ್ಲ, ಎರಡು ಪಂಪ್. ಕರೆಂಟ್ ಬಿಲ್ಲು, ಜನರೇಟರಿಗೆ ಡೀಸೆಲ್ ಯಾರು ಹಾಕಬೇಕು ಅನ್ನೋದನ್ನು ಮೊದಲ ಸೈಟು ಮಾರುವ ಮುಂಚೆಯೇ ತೀರ್ಮಾನ ಮಾಡಿಕೊಳ್ಳಿ.