ಫೀಸು ಫ್ರೀ ಅಂತ ಬೇರೆ ಕಾಲೇಜಿಗೆ ಹೋಗಬಹುದಾ?

ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಕಾಲೇಜಿನ ಕಬಡ್ಡಿ ತಂಡದಲ್ಲಿ ರೈಡರ್. ಬೆಂಗಳೂರಿನ ಖಾಸಗಿ ಕಾಲೇಜೊಂದು ಫೀಸು, ಹಾಸ್ಟೆಲ್ ಫ್ರೀ, ತಿಂಗಳಿಗೆ ಕೈಖರ್ಚಿಗೂ ಕೊಡ್ತೀವಿ, ಬಾ ಅಂತಿದೆ. ಅವ್ವ ತೊಗರಿ ಹೊಲದಲ್ಲಿ ಕೂಲಿ ಮಾಡ್ತಾಳೆ. ಆದರೆ ಗೆಳೆಯರು ‘ತಂಡಕ್ಕೆ ಕೈಕೊಟ್ಟ’ ಅಂತಾರೆ. ಆಟ ಕಲಿಸಿದ ಪಿ.ಇ. ಸರ್ ಮುಖ ನೋಡೋಕೆ ಆಗ್ತಿಲ್ಲ. ಅಮೆರಿಕದಲ್ಲಿ ಆಟಗಾರರು ದುಡ್ಡಿಗಾಗಿ ಕಾಲೇಜು ಬದಲಿಸ್ತಾರಂತೆ. ನಾನು ಹೋದರೆ ತಪ್ಪಾ?
– ಓದುಗ, ಜೇವರ್ಗಿ

ಉತ್ತರ: ತಪ್ಪಲ್ಲ, ತಮ್ಮಾ. ಅವ್ವನ ಭಾರ ಇಳಿಸಲು ಹೋಗುವವನನ್ನು ಯಾರೂ ದ್ರೋಹಿ ಅನ್ನಬಾರದು.

ಅಮೆರಿಕದ ಕಥೆ ಪೂರ್ತಿ ಕೇಳು. ಅಲ್ಲಿ ಕಾಲೇಜು ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಅಂದರೆ ದೊಡ್ಡ ವ್ಯಾಪಾರ. ಟಿವಿ ದುಡ್ಡು ಕಾಲೇಜಿಗೆ, ಕೋಟಿಗಟ್ಟಲೆ ಸಂಬಳ ಕೋಚ್‌ಗೆ. ಜಾಸ್ತಿ ಕೊಡುವ ಕಡೆ ಕೋಚ್ ಹೊರಟುಬಿಡಬಹುದಿತ್ತು. ಆಟಗಾರ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ನಿಷ್ಠೆ ಹುಡುಗರಿಗೆ ಮಾತ್ರ ಅಂದರೆ ಅನ್ಯಾಯ ಅಲ್ವಾ? 2021ರ ಜುಲೈನಿಂದ ಜಾಹೀರಾತಿನಲ್ಲಿ ಕಾಣಿಸಿಕೊಂಡು ಗಳಿಸಲು ಅವರಿಗೆ ಅವಕಾಶ ಸಿಕ್ಕಿತು. 2024ರಲ್ಲಿ, ಓದಿನಲ್ಲಿ ಸರಿಯಿದ್ದರೆ ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಿ ತಕ್ಷಣ ಆಡಬಹುದು ಅಂತ ನಿಯಮವಾಯಿತು. 2025ರಿಂದ ಕಾಲೇಜುಗಳೇ ನೇರವಾಗಿ ದುಡ್ಡು ಕೊಡಬಹುದು.

ಆದರೆ ನಿನ್ನ ವಿಷಯದಲ್ಲಿ ನನ್ನ ಚಿಂತೆ ಬೇರೆ. ನಾನು ಪಿ.ಇ. ಮೇಷ್ಟ್ರಾಗಿದ್ದಾಗ ಒಬ್ಬ ಶಿಷ್ಯ ಹೀಗೇ ಬಾಯಿಮಾತು ನಂಬಿ ಹೋದ. ಮೊಣಕಾಲಿನ ಲಿಗಮೆಂಟ್ ಹರಿಯಿತು. ಸ್ವಲ್ಪ ದಿನದಲ್ಲೇ ಹಾಸ್ಟೆಲ್ ಖಾಲಿ ಮಾಡಿಸಿದರು. ಫೀಸು ಕಟ್ಟು ಅಂದರು. ಹುಡುಗ ಡಿಗ್ರಿನೂ ಮುಗಿಸಲಿಲ್ಲ. ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಎಲ್ಲವನ್ನೂ ಬರಹದಲ್ಲಿ ಕೇಳು. ಗಾಯವಾದರೆ ಆಸ್ಪತ್ರೆ ಖರ್ಚು ಯಾರದು? ಆಡಲಾಗದಿದ್ದರೂ ಡಿಗ್ರಿ ಮುಗಿಯುವವರೆಗೆ ಫೀಸು ಮಾಫಿ ಇರುತ್ತದಾ? ಯುನಿವರ್ಸಿಟಿ ಬದಲಾಗುತ್ತದೆ, ಮುಗಿಸಿದ ಸೆಮಿಸ್ಟರ್‌ಗಳನ್ನು ಅವರು ಒಪ್ಪುತ್ತಾರಾ? ಮೊದಲ ವರ್ಷವೇ ಆಡಲು ಬಿಡುತ್ತಾರಾ? ಕೊನೆಯ ಎರಡನ್ನು ಆ ಕಾಲೇಜಿನವರನ್ನಲ್ಲ, ಯುನಿವರ್ಸಿಟಿಯನ್ನೇ ಕೇಳು.

ಹೋಗುವುದಿದ್ದರೆ ಈ ಸಲದ ಅಂತರ ಕಾಲೇಜು ಟೂರ್ನಿ ಮುಗಿಸಿಯೇ ಹೋಗು. ನಿನ್ನನ್ನು ನಂಬಿ ತಂಡ ಕಟ್ಟಿದ್ದಾರೆ. ಇನ್ನು ನಿಮ್ಮ ಸರ್. ಶಿಷ್ಯ ಹೋದನಲ್ಲ ಅಂತ ನಮಗೆ ಬೇಜಾರಾಗುತ್ತದೆ, ನಿಜ. ಸಿಟ್ಟು ಬರುವುದು ಮಾತ್ರ ಹೇಳದೆ ಹೋದಾಗ. ಫೋನಿನಲ್ಲಿ ಬೇಡ, ಗ್ರೌಂಡಿಗೇ ಹೋಗಿ ಹೇಳು. ಆ ಕಾಲೇಜಿನ ಪತ್ರ ಬಂದ ಮೇಲೆ ಮೊದಲು ಅವರ ಕೈಗೆ ಕೊಡು. ಅದರಲ್ಲಿ ಏನು ಬಿಟ್ಟುಹೋಗಿದೆ ಅಂತ ಅವರಿಗೆ ನಿನಗಿಂತ ಬೇಗ ಗೊತ್ತಾಗುತ್ತದೆ.