ಬಾಖ್‌ಗಿಂತ ಹಳೆಯ ಆರ್ಗನ್ ಸಂಗೀತ: ಒಂದೇ ಕೃತಿ ಕೇಳುವುದಾದರೆ ಯಾವುದು?

ಜರ್ಮನಿಯ ಸಂಗೀತಕಾರ ಬಾಖ್‌ಗಿಂತ ಮುಂಚಿನ ಆರ್ಗನ್ (ಗಾಳಿ ಹಾಯಿಸಿದ ಕೊಳವೆಗಳಿಂದ ನುಡಿಯುವ ಕೀಲಿಮಣೆ ವಾದ್ಯ) ಸಂಗೀತ ಕೇಳಬೇಕು, ಕರ್ನಾಟಕ ಸಂಗೀತ ಸ್ವಲ್ಪ ಗೊತ್ತು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ನನ್ನ ಉತ್ತರ: ಸ್ಪೇನಿನ ಆಂಟೋನಿಯೊ ದೆ ಕಬೆಸೋನ್ ಅವರ 'ಮೊದಲ ಟೋನಿನ ತಿಯೆಂತೊ'. ಟೋನ್ ಅಂದರೆ ಆ ಕಾಲದ ಚರ್ಚ್ ಸಂಗೀತದ ಸ್ವರಶ್ರೇಣಿ, ತಿಯೆಂತೊ ಅಂದರೆ ಒಂದು ಬಗೆಯ ವಾದ್ಯಕೃತಿ. ಈ ಹೆಸರಿನವು ಹಲವಿವೆ. ಯಾವುದು ಸಿಕ್ಕಿದರೂ ಸರಿ.

ಕಬೆಸೋನ್ ಹುಟ್ಟಿದ್ದು 1510ರಲ್ಲಿ, ಬುರ್ಗೋಸ್ ಹತ್ತಿರದ ಹಳ್ಳಿಯಲ್ಲಿ. ಚಿಕ್ಕಂದಿನಲ್ಲೇ ಕಣ್ಣು ಹೋಗಿತ್ತು. ಬದುಕಿನ ಬಹುಪಾಲು ಅರಮನೆಯಲ್ಲೇ ಕಳೆಯಿತು. ಮೊದಲು ರಾಣಿ ಇಸಾಬೆಲ್, ಆಮೇಲೆ ಅವಳ ಮಗ ಎರಡನೇ ಫಿಲಿಪ್. ತಿಯೆಂತೊ ಅನ್ನುವುದು ಮುಟ್ಟಿ ನೋಡು, ತಡವಿ ನೋಡು ಅನ್ನುವ ಅರ್ಥದ ಕ್ರಿಯಾಪದದಿಂದ ಬಂದ ಹೆಸರು. ಕಣ್ಣಿಲ್ಲದವರ ಬೆರಳಿನಿಂದ ಬಂದ ಸಂಗೀತಕ್ಕೆ ಈ ಹೆಸರು ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಈಗ ಕೀಬೋರ್ಡ್ ಇದ್ದರೆ ಮುಂದೆ ಇಟ್ಟುಕೊಳ್ಳಿ. ಡಿ ಸ್ವರವನ್ನು ಷಡ್ಜ ಮಾಡಿಕೊಂಡು ಬರೀ ಬಿಳಿ ಕೀಗಳನ್ನು ಒತ್ತುತ್ತಾ ಮೇಲಿನ ಡಿ ತನಕ ಹೋಗಿ. ಖರಹರಪ್ರಿಯ ಬಂತು ಅಲ್ವಾ? ಮೊದಲ ಟೋನಿನ ಸ್ವರಗಳು ಇವೇ. ಹಾಗಂತ ಇದು ರಾಗವಲ್ಲ, ಗಮಕ ಹುಡುಕಬೇಡಿ. ಒಂದು ಧ್ವನಿ, ಅಂದರೆ ಆರ್ಗನ್ನಿನಲ್ಲೇ ನುಡಿಸುವ ಒಂದು ಸ್ವರಸಾಲು, ಪುಟ್ಟ ಎಳೆಯೊಂದನ್ನು ಒಂಟಿಯಾಗಿ ಹಾಡುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಧ್ವನಿ ಬೇರೆ ಸ್ಥಾಯಿಯಲ್ಲಿ ಅದನ್ನೇ ಎತ್ತಿಕೊಳ್ಳುತ್ತದೆ. ಹೀಗೆ ನಾಲ್ಕು ಧ್ವನಿ. ಆತುರವಿಲ್ಲ, ಅಬ್ಬರವಿಲ್ಲ. ಒಂದು ಎಳೆ ಮುಗಿದರೆ ಇನ್ನೊಂದು.

ಸಾಲು ಮುಗಿದು ಷಡ್ಜಕ್ಕೆ ಬಂದು ಕೂರುವ ಜಾಗಗಳಲ್ಲಿ ಮಾತ್ರ ಕಿವಿ ಚುರುಕಾಗಿಡಿ. ಅಲ್ಲಿ ಸಿ ಸ್ವರ ಕಪ್ಪು ಕೀಗೆ ಏರುತ್ತದೆ. ಅಂದರೆ ಕೈಶಿಕಿ ನಿಷಾದ ಇದ್ದದ್ದು ಕಾಕಲಿ ಆಗುತ್ತದೆ. ಆ ಅರ್ಧ ಹೆಜ್ಜೆಯ ಎಳೆತ, ಮರುಕ್ಷಣ ಷಡ್ಜದಲ್ಲಿ ಸಿಗುವ ನೆಮ್ಮದಿ. ಇದಕ್ಕೋಸ್ಕರವೇ ನಾನು ಮತ್ತೆ ಮತ್ತೆ ಕೇಳುವುದು.

ಯೂಟ್ಯೂಬಿನಲ್ಲಿ ಹುಡುಕುವಾಗ ಒಂದು ಎಚ್ಚರ. ಸ್ಪೇನಿನ ಆರ್ಗನ್ ಅಂದರೆ ಮುಂದಕ್ಕೆ ಅಡ್ಡಡ್ಡ ಚಾಚಿಕೊಂಡ ತುತ್ತೂರಿ ಕೊಳವೆಗಳು ಕಣ್ಣಿಗೆ ಬೀಳುತ್ತವೆ. ಅವು ಬಂದದ್ದು ಕಬೆಸೋನ್ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ. ಆ ಜೋರು ದನಿಯಲ್ಲಿ ನುಡಿಸಿದರೆ ನಾಲ್ಕು ಎಳೆಗಳೂ ಕಲಸಿಹೋಗುತ್ತವೆ. ಮೆತ್ತಗಿನ ಕೊಳವೆಗಳಲ್ಲಿ ನುಡಿಸಿದ್ದನ್ನೇ ಆರಿಸಿ.

ಅವರು ತೀರಿಕೊಂಡದ್ದು 1566ರಲ್ಲಿ. ಮಗ ಎರ್ನಾಂದೊ 1578ರಲ್ಲಿ ಮ್ಯಾಡ್ರಿಡ್‌ನಲ್ಲಿ ಅಪ್ಪನ ಕೃತಿಗಳನ್ನು ಅಚ್ಚು ಹಾಕಿಸಿದರು. ಕೀಲಿಮಣೆ, ಹಾರ್ಪ್, ವಿಹುವೇಲಾ (ಗಿಟಾರಿನಂಥ ತಂತಿವಾದ್ಯ) ಮೂರಕ್ಕೂ ಆಗುತ್ತದೆ ಎಂದು ಪುಸ್ತಕದ ಹೆಸರಲ್ಲೇ ಇದೆ. ಸ್ವರಗಳನ್ನು 1ರಿಂದ 7ರ ಅಂಕಿಗಳಲ್ಲಿ ಬರೆದಿದ್ದಾರೆ, ಒಂದೊಂದು ಧ್ವನಿಗೆ ಒಂದೊಂದು ಗೆರೆ. ನಾವು ಸರಿಗಮ ಬರೆದುಕೊಳ್ಳುವವರಿಗೆ ಇದು ಪರಕೀಯ ಅನಿಸುವುದಿಲ್ಲ. ಮುನ್ನುಡಿಯಲ್ಲಿ ಮಗ ಹೇಳುತ್ತಾರೆ: ಇವೆಲ್ಲ ಅಪ್ಪನ ಊಟದ ಮೇಜಿನಿಂದ ಉದುರಿದ ಚೂರುಗಳು, ಶಿಷ್ಯರಿಗೆ ಪಾಠಕ್ಕೆಂದು ಕೊಟ್ಟವು. ಆ ಚೂರುಗಳಲ್ಲಿ ಒಂದನ್ನೇ ನೀವು ಕೇಳಲು ಹೊರಟಿರುವುದು.