ಬೋಳು ಗುಡ್ಡೆಗೆ ಯಾವ ಗಿಡ?

ಪ್ರಶ್ನೆ: ದನ ಮೇಯ್ದು ಮೇಯ್ದು ನಮ್ಮ ಗುಡ್ಡೆ ಬೋಳಾಗಿದೆ. ಅಕೇಶಿಯಾ ಬೇಗ ಬರುತ್ತದಂತೆ, ನೆಡಬಹುದಾ?
– ಓದುಗರೊಬ್ಬರು, ಪೆರ್ಲ

ಉತ್ತರ: ಬೇಗ ಬರುತ್ತದೆ, ನಿಜ. ಆದರೆ ಆಸ್ಟ್ರೇಲಿಯಾ ಕಡೆಯ ಆ ಮರ ಬೀಜ ಬಿದ್ದಲ್ಲೆಲ್ಲ ಹಬ್ಬುತ್ತದೆ. ನಾನಂತೂ ಬೇಡ ಅನ್ನುತ್ತೇನೆ. ಹೊನ್ನೆ, ನೇರಳೆ ನಮ್ಮೂರಿನವೇ ಅಲ್ವಾ? ತೋಡಿನ (ಸಣ್ಣ ಹಳ್ಳದ) ಬದಿಗಾದರೆ ಕಿರಾಲುಬೋಗಿ ಮರ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಸಂದಿಯಲ್ಲಿ ಮಣ್ಣು ನಿಂತ ಜಾಗ ಹುಡುಕಿ, ಜೂನ್ ಮಳೆ ಹಿಡಿದ ಮೇಲೆ ನೆಡಿ. ಕೇಪುಳದ ಪೊದೆ ಕಡಿಯಬೇಡಿ. ಅದರ ಮರೆಯಲ್ಲಿಟ್ಟ ಸಸಿಗೆ ಬಿಸಿಲು ಕಡಿಮೆ, ದನದ ಬಾಯಿಗೂ ಸುಲಭಕ್ಕೆ ಸಿಗುವುದಿಲ್ಲ.

ಬರೀ ಕಲ್ಲಿನ ಪಾರೆಯನ್ನು ಮಾತ್ರ ಸುಮ್ನೆ ಬಿಟ್ಟುಬಿಡಿ. ಮಳೆಗಾಲದಲ್ಲಿ ಅಲ್ಲಿ ಹುಳ ಹಿಡಿಯುವ ಪುಟ್ಟ ಹೂಗಿಡಗಳು ಏಳುತ್ತವೆ, ಬಗ್ಗಿ ನೋಡಿದರೆ ಕಾಣುತ್ತವೆ.

ಬೇಸಿಗೆಗೆ ಮುಂಚೆ ಸಸಿಯ ಸುತ್ತ ಮುಳಿಹುಲ್ಲು ಸವರಿಬಿಡಿ. ಒಂದು ಬೀಡಿ ಕಿಡಿ ಸಾಕು ಎಲ್ಲ ಸುಡಲು.